ಕಾಯಿಲೆಯ ಹೆಸರೇ ತೀರ್ಪಾದರೆ

ಕನ್ನಡದಲ್ಲಿ ‘ಹುಚ್ಚು’ ಎಂಬ ಪದಕ್ಕೆ ಬಿಡುವೇ ಇಲ್ಲ. ಕ್ರಿಕೆಟ್ ಹುಚ್ಚು, ಸಿನಿಮಾ ಹುಚ್ಚು, ಹಣದ ಹುಚ್ಚು ಎಂದು ನಾವು ದಿನಕ್ಕೆ ಹತ್ತು ಬಾರಿ ಹೇಳುತ್ತೇವೆ. ನಮಗೆ ಒಪ್ಪದ ಮಾತಾಡಿದವನಿಗೆ ‘ತಲೆ ಕೆಟ್ಟಿದೆಯಾ?’ ಎನ್ನುತ್ತೇವೆ. ಸಿಟ್ಟು ಬಂದರೆ ‘ಮೆಂಟಲ್’ ಎಂದು ಬಯ್ಯುತ್ತೇವೆ. ಆದರೆ ನಮ್ಮದೇ ಮನೆಯ ಮಗನೊಬ್ಬ ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಸ್ನಾನವಿಲ್ಲದೆ, ಗೋಡೆಯಾಚೆ ಯಾರೋ ತನ್ನ ವಿರುದ್ಧ ಪಿತೂರಿ ನಡೆಸುತ್ತಿದ್ದಾರೆಂದು ನಡುಗುತ್ತಾ ಮೂಲೆ ಹಿಡಿದು ಕುಳಿತರೆ ಆ ಪದ ನಮ್ಮ ಬಾಯಿಂದ ಹೊರಡುವುದಿಲ್ಲ. ಆಗ ಅದು ದೃಷ್ಟಿಯಾಗುತ್ತದೆ, ಗಾಳಿ ಸೋಕಿದ್ದಾಗುತ್ತದೆ, ಯಾರೋ ಮಾಟ ಮಾಡಿಸಿದ್ದಾಗುತ್ತದೆ. ಅವನ ತಂಗಿಯ ಮದುವೆ ಮುಗಿಯುವವರೆಗೆ ಊರಿಗೆ ತಿಳಿಯಬಾರದ ಗುಟ್ಟಾಗುತ್ತದೆ.

ಕಂಡಕಂಡವರ ಮೇಲೆ ಎಸೆಯುವ ಪದವನ್ನು ಚಿಕಿತ್ಸೆ ಬೇಕಾದವನ ಮುಂದೆ ಮಾತ್ರ ನುಂಗಿಕೊಳ್ಳುವ ಈ ನಡವಳಿಕೆಯನ್ನು ಸಭ್ಯತೆ ಎಂದು ನಾವು ಭಾವಿಸಿಕೊಂಡಿದ್ದೇವೆ. ವಾಸ್ತವದಲ್ಲಿ ಇದು ಭಯ. ವೈದ್ಯರು ಹೇಳುವ ಕಾಯಿಲೆಯ ಹೆಸರು ಚಿಕಿತ್ಸೆಯ ಬಾಗಿಲನ್ನು ತೆರೆಯಬೇಕಿತ್ತು. ನಮ್ಮ ಸಮಾಜದಲ್ಲಿ ಆ ಹೆಸರೇ ಮದುವೆ, ಉದ್ಯೋಗ, ಆಸ್ತಿ, ಮಾತಿನ ಬೆಲೆ ಎಲ್ಲವನ್ನೂ ಕಿತ್ತುಕೊಳ್ಳುವ ತೀರ್ಪಾಗಿ ಕುಳಿತಿದೆ. ಮನೆಯಿಂದ ಹಿಡಿದು ಸುದ್ದಿಮನೆಯವರೆಗೆ, ಪೊಲೀಸ್ ಠಾಣೆಯಿಂದ ಹಿಡಿದು ಸೆರೆಮನೆಯವರೆಗೆ ಈ ತೀರ್ಪನ್ನು ಕೊಡುವ ಅಧಿಕಾರವಿಲ್ಲದವರೇ ಅದನ್ನು ಕೊಡುತ್ತಿದ್ದಾರೆ. ನಮ್ಮ ತಕರಾರು ಇದರ ಬಗ್ಗೆ.

ಸಂಕೋಲೆಯಲ್ಲೇ ಸುಟ್ಟುಹೋದವರು

2001ರ ಆಗಸ್ಟ್ 6ರ ಮುಂಜಾನೆಯನ್ನು ಈ ದೇಶ ಮರೆತಿದೆ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ಪ್ರಸಿದ್ಧ ದರ್ಗಾದ ಆಸುಪಾಸಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಮನೋರೋಗಿಗಳ ‘ಆಶ್ರಯ ಮನೆ’ಯೊಂದಕ್ಕೆ ಅಂದು ಬೆಂಕಿ ಬಿತ್ತು. ಹುಲ್ಲಿನ ಮಾಡಿನ ಕೊಟ್ಟಿಗೆಯಂಥ ಕಟ್ಟಡ. ಒಳಗಿದ್ದವರ ಕಾಲಿಗೆ ಸರಪಳಿ. ಓಡಬೇಕೆಂದರೂ ಓಡಲಾಗದೆ 28 ಜನ ಪ್ರಾಣ ಕಳೆದುಕೊಂಡರು.

ಅವರನ್ನು ಅಲ್ಲಿಗೆ ಕರೆತಂದು ಬಿಟ್ಟವರು ಶತ್ರುಗಳಲ್ಲ. ಹೆತ್ತವರು, ಒಡಹುಟ್ಟಿದವರು, ಕಟ್ಟಿಕೊಂಡವರು. ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ದರ್ಗಾದ ಸನ್ನಿಧಿಯಲ್ಲಿ ಕೆಲವು ದಿನ ಇದ್ದರೆ ಗುಣವಾಗುತ್ತದೆಂಬ ನಂಬಿಕೆ ಅವರನ್ನು ಅಲ್ಲಿಗೆ ತಂದಿತು. ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವರು ಸುತ್ತಮುತ್ತ ಶೆಡ್ಡುಗಳನ್ನು ಕಟ್ಟಿ, ತಿಂಗಳಿಗಿಷ್ಟು ಎಂದು ಹಣ ಪಡೆದು, ರೋಗಿಗಳನ್ನು ಕಂಬಕ್ಕೆ ಕಟ್ಟಿ ಹಾಕಿದರು. ದುರಂತದ ಬೆನ್ನಲ್ಲೇ ಅಂಥ ಮನೆಗಳನ್ನೆಲ್ಲ ಸರಕಾರ ಮುಚ್ಚಿಸಿ, 500ಕ್ಕೂ ಹೆಚ್ಚು ಮಂದಿಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಮನೋರೋಗಿಗಳ ಸಂಕೋಲೆ ಬಿಚ್ಚುವಂತೆ, ಅವರ ಚಿಕಿತ್ಸೆಗೆ ವ್ಯವಸ್ಥೆ ಮಾಡುವಂತೆ ರಾಜ್ಯಗಳಿಗೆ ಆದೇಶಿಸಿತು.

ನೆನಪಿಡಬೇಕಾದ ಸಂಗತಿಯೆಂದರೆ, ಆ ಹೊತ್ತಿಗೆ 1987ರ ಮಾನಸಿಕ ಆರೋಗ್ಯ ಕಾಯ್ದೆ ಇತ್ತು. ಪರವಾನಗಿ ಇಲ್ಲದೆ ಮನೋರೋಗಿಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಅದು ಹೇಳಿತ್ತು. ಕಾನೂನು ಇತ್ತು, ಸಂಕೋಲೆಯೂ ಇತ್ತು. ಇವೆರಡೂ ಒಂದೇ ಊರಿನಲ್ಲಿ ನೆಮ್ಮದಿಯಿಂದ ಬಾಳಿದ್ದು ಹೇಗೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲಿಲ್ಲ. 2019ರಲ್ಲಿ ಉತ್ತರಪ್ರದೇಶದ ಬದಾಯೂಂನಲ್ಲಿ ಮತ್ತೆ ಅದೇ ರೀತಿ ಸರಪಳಿಯಲ್ಲಿದ್ದವರ ಚಿತ್ರಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಹದಿನೆಂಟು ವರ್ಷಗಳಲ್ಲಿ ನಾವು ಎಷ್ಟು ದೂರ ನಡೆದಿದ್ದೇವೆಂಬುದು ತಿಳಿಯಿತು.

ಯಾರು ಅಸ್ವಸ್ಥರು?

ಮನಸ್ಸಿನ ಕಾಯಿಲೆ ಎಂದರೇನು ಎಂಬ ಪ್ರಶ್ನೆಗೆ ಮನಶ್ಶಾಸ್ತ್ರ ಕೊಡುವ ಉತ್ತರ ನಾವು ತಿಳಿದಷ್ಟು ಸರಳವಲ್ಲ. ಸಾಮಾನ್ಯವಾಗಿ ನಾಲ್ಕು ವಿಷಯಗಳನ್ನು ನೋಡಲಾಗುತ್ತದೆ. ವ್ಯಕ್ತಿಯ ವರ್ತನೆ ಅವನ ಸುತ್ತಲಿನ ಸಮಾಜದ ರೂಢಿಗಿಂತ ತೀರಾ ಭಿನ್ನವಾಗಿದೆಯೇ? ಅದರಿಂದ ಅವನಿಗೆ ಸಂಕಟವಾಗುತ್ತಿದೆಯೇ? ಊಟ, ನಿದ್ದೆ, ದುಡಿಮೆ, ಸಂಬಂಧಗಳು ಕೆಟ್ಟಿವೆಯೇ? ಅವನಿಗಾಗಲಿ ಇತರರಿಗಾಗಲಿ ಅಪಾಯವಿದೆಯೇ? ಇವುಗಳಲ್ಲಿ ಯಾವ ಒಂದೂ ಒಂಟಿಯಾಗಿ ಸಾಲದು. ರೂಢಿಗಿಂತ ಭಿನ್ನವಾಗಿರುವುದೇ ಕಾಯಿಲೆಯಾದರೆ ಪ್ರವಾದಿಗಳು, ಶರಣರು, ಸುಧಾರಕರು ಯಾರೂ ಪಾರಾಗುತ್ತಿರಲಿಲ್ಲ. ಸಂಕಟವೇ ಕಾಯಿಲೆಯಾದರೆ ಮಗುವನ್ನು ಕಳೆದುಕೊಂಡ ತಾಯಿಯೂ ರೋಗಿ. ಹೆಚ್ಚಿನ ಮನೋರೋಗಿಗಳು ಯಾರಿಗೂ ಅಪಾಯಕಾರಿಗಳಲ್ಲ. ಅವರೇ ಪೆಟ್ಟು, ವಂಚನೆ, ಅತ್ಯಾಚಾರಗಳಿಗೆ ಸುಲಭವಾಗಿ ತುತ್ತಾಗುವವರು.

ಆದ್ದರಿಂದಲೇ ರೋಗನಿರ್ಣಯ ಎಂಬುದು ನಿಧಾನದ ಕೆಲಸ. ರಕ್ತ ಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ ತಿಳಿದಂತೆ ಖಿನ್ನತೆಯ ಪ್ರಮಾಣ ತಿಳಿಯುವುದಿಲ್ಲ. ವೈದ್ಯರು ಲಕ್ಷಣಗಳನ್ನು ಕೇಳಬೇಕು, ಎಷ್ಟು ದಿನಗಳಿಂದ ಇವೆ ಎಂದು ನೋಡಬೇಕು, ಥೈರಾಯ್ಡ್ ತೊಂದರೆ, ಮೆದುಳಿನ ಸೋಂಕು, ಅಮಲು ಪದಾರ್ಥ ಮುಂತಾದ ಕಾರಣಗಳಿವೆಯೇ ಎಂದು ಪರಿಶೀಲಿಸಬೇಕು. ಇದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ವರ್ಗೀಕರಣವನ್ನು ಪ್ರಕಟಿಸುತ್ತದೆ. ಅದರ ಹನ್ನೊಂದನೆಯ ಪರಿಷ್ಕರಣೆ 2022ರ ಜನವರಿಯಿಂದ ಜಾರಿಯಲ್ಲಿದೆ. ಅಮೆರಿಕದ ಮನೋವೈದ್ಯರ ಸಂಘ ತನ್ನದೇ ಕೈಪಿಡಿಯನ್ನು 1952ರಿಂದ ಹೊರತರುತ್ತಿದೆ.

ಈ ಕೈಪಿಡಿಗಳೂ ಆಕಾಶದಿಂದ ಇಳಿದವಲ್ಲ. 1851ರಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬಾತ ಹೊಸ ಮನೋರೋಗವೊಂದನ್ನು ‘ಪತ್ತೆ’ ಮಾಡಿದ. ಒಡೆಯನನ್ನು ಬಿಟ್ಟು ಓಡಿಹೋಗುವ ಕಪ್ಪು ಗುಲಾಮರನ್ನು ಕಾಡುವ ಕಾಯಿಲೆಯಂತೆ ಅದು! ಸ್ವಾತಂತ್ರ್ಯದ ಹಂಬಲಕ್ಕೆ ರೋಗದ ಹೆಸರಿಟ್ಟು, ಅದಕ್ಕೆ ಚಾಟಿಯೇಟಿನ ಮದ್ದನ್ನೂ ಆತ ಸೂಚಿಸಿದ. ಸೋವಿಯತ್ ಒಕ್ಕೂಟದಲ್ಲಿ ಸರಕಾರವನ್ನು ಟೀಕಿಸಿದವರಿಗೆ ‘ನಿಧಾನಗತಿಯ ಸ್ಕಿಜೋಫ್ರೇನಿಯಾ’ ಎಂಬ ಪಟ್ಟಿ ಹಚ್ಚಿ ಆಸ್ಪತ್ರೆಗಳಲ್ಲಿ ಕೂಡಿಹಾಕಲಾಯಿತು. ಆಳುವವರ ಕೈಗೆ ಸಿಕ್ಕಿದ ರೋಗನಿರ್ಣಯ ಬೇಡಿಯಾಗಲು ಬಹಳ ಹೊತ್ತು ಬೇಕಿಲ್ಲ.

ಇದು ದೂರದ ದೇಶಗಳ ಕಥೆಯೆಂದು ಸಮಾಧಾನಪಟ್ಟುಕೊಳ್ಳಬೇಕಿಲ್ಲ. ಗಂಡನ ಹೊಡೆತ ತಾಳಲಾರದೆ ಕೂಗಾಡಿದ ಹೆಂಡತಿಯನ್ನು ‘ಅವಳಿಗೆ ತಲೆ ಸರಿಯಿಲ್ಲ’ ಎಂದು ಪಂಚಾಯಿತಿಯ ಮುಂದೆ ನಿಲ್ಲಿಸುವವರು ನಮ್ಮ ನಡುವೆಯೇ ಇದ್ದಾರೆ. ಆಸ್ತಿಯ ಪಾಲು ಕೇಳಿದ ತಮ್ಮನಿಗೆ ‘ಬುದ್ಧಿ ಸ್ವಾಧೀನದಲ್ಲಿಲ್ಲ’ ಎನ್ನುವ ಅಣ್ಣಂದಿರೂ ಇದ್ದಾರೆ. ಓದಬೇಕು, ಈಗ ಮದುವೆ ಬೇಡ ಎಂದ ಹುಡುಗಿಗೆ ಏನೋ ಮೆಟ್ಟಿಕೊಂಡಿದೆ ಎಂದು ತಾಯಿತ ಕಟ್ಟಿಸುವ ತಂದೆತಾಯಿಯರಿಗಂತೂ ಲೆಕ್ಕವೇ ಇಲ್ಲ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಈ ಅಪಾಯವನ್ನು ಗುರುತಿಸಿದೆ. ಅದರ 3ನೇ ಕಲಮು ಹೇಳುವುದನ್ನು ಪ್ರತಿ ಪೊಲೀಸ್ ಠಾಣೆಯಲ್ಲೂ ಬರೆದು ತೂಗುಹಾಕಬೇಕು. ಕಾಯಿಲೆಯನ್ನು ನಿರ್ಧರಿಸುವುದು ಅಂಗೀಕೃತ ವೈದ್ಯಕೀಯ ಮಾನದಂಡಗಳಿಂದ ಮಾತ್ರ. ವ್ಯಕ್ತಿಯ ರಾಜಕೀಯ, ಆರ್ಥಿಕ, ಸಾಮಾಜಿಕ ಸ್ಥಾನಮಾನದಿಂದಾಗಲಿ, ಅವನ ಧರ್ಮ ಅಥವಾ ಜನಾಂಗದಿಂದಾಗಲಿ, ಸಮುದಾಯದ ನೀತಿ ನಂಬಿಕೆಗಳಿಗೆ ಅವನು ಹೊಂದಿಕೊಳ್ಳಲಿಲ್ಲ ಎಂಬುದರಿಂದಾಗಲಿ ಅದನ್ನು ನಿರ್ಧರಿಸುವಂತಿಲ್ಲ. ಒಬ್ಬನಿಗೆ ಮನೋರೋಗವಿದೆ ಎಂದ ಮಾತ್ರಕ್ಕೆ ಅವನು ಬುದ್ಧಿಸ್ವಾಧೀನವಿಲ್ಲದವನು ಎಂದಾಗುವುದಿಲ್ಲ. ಅದನ್ನು ಹೇಳಬೇಕಾದುದು ನ್ಯಾಯಾಲಯ. ಬೆಳವಣಿಗೆಯಲ್ಲೇ ಬುದ್ಧಿ ಹಿಂದುಳಿಯುವುದು ಬೇರೆ, ಮನೋರೋಗ ಬೇರೆ ಎಂದೂ ಕಾಯ್ದೆ ಸ್ಪಷ್ಟಪಡಿಸಿದೆ. ನಮ್ಮ ವಿದ್ಯಾವಂತರೇ ಇವೆರಡನ್ನು ಇಂದಿಗೂ ಒಂದೇ ಗಂಟಿನಲ್ಲಿ ಕಟ್ಟುತ್ತಾರೆ.

ಸುದ್ದಿಮನೆಯ ವೈದ್ಯರು

ಕಾಯ್ದೆ ಹೀಗೆ ಹೇಳಿದರೂ ನಮ್ಮ ಟಿವಿ ವಾಹಿನಿಗಳು ಮತ್ತು ಪತ್ರಿಕೆಗಳು ತಮ್ಮದೇ ಆಸ್ಪತ್ರೆ ತೆರೆದು ಕುಳಿತಿವೆ. ಎಲ್ಲೋ ಒಂದು ಪ್ರಾರ್ಥನಾಲಯಕ್ಕೆ ಕಲ್ಲು ಬೀಳುತ್ತದೆ, ಎಲ್ಲೋ ಒಂದು ವಿಗ್ರಹ ಭಗ್ನವಾಗುತ್ತದೆ, ಎಲ್ಲೋ ಬಾಂಬ್ ಬೆದರಿಕೆ ಬರುತ್ತದೆ. ಆರೋಪಿ ಸಿಕ್ಕಿದ ಗಂಟೆಯೊಳಗೆ ಅವನ ಹೆಸರನ್ನು ನೋಡಿ ರೋಗನಿರ್ಣಯ ನಡೆದುಹೋಗುತ್ತದೆ. ಹೆಸರು ಒಂದು ಬಗೆಯದಾದರೆ ‘ಉಗ್ರ’, ಇನ್ನೊಂದು ಬಗೆಯದಾದರೆ ‘ಮಾನಸಿಕ ಅಸ್ವಸ್ಥ’. ಮನೋವೈದ್ಯರು ವಾರಗಟ್ಟಲೆ ಗಮನಿಸಿ ಹೇಳಬೇಕಾದುದನ್ನು ವರದಿಗಾರ ಠಾಣೆಯ ಮೆಟ್ಟಿಲ ಮೇಲೆ ನಿಂತು ಹೇಳಿ ಮುಗಿಸುತ್ತಾನೆ.

ಇದರಲ್ಲಿರುವ ಪಕ್ಷಪಾತದ ಬಗ್ಗೆ ಈಗಾಗಲೇ ಸಾಕಷ್ಟು ಚರ್ಚೆಯಾಗಿದೆ. ಆದರೆ ಈ ಚರ್ಚೆಯಲ್ಲಿ ಯಾರೂ ನೆನೆಯದ ಒಬ್ಬನಿದ್ದಾನೆ. ಆತ ನಿಜವಾದ ರೋಗಿ. ಯಾವ ತಪ್ಪೂ ಮಾಡದೆ, ಬೆಳಿಗ್ಗೆ ಒಂದು ರಾತ್ರಿ ಒಂದು ಮಾತ್ರೆ ನುಂಗುತ್ತಾ, ಅಂಗಡಿಯ ಲೆಕ್ಕ ಬರೆದುಕೊಂಡು ಬದುಕುವವನು. ಅಪರಾಧಿಯನ್ನು ಪಾರುಮಾಡಲು ‘ಅಸ್ವಸ್ಥ’ ಎಂಬ ಪದವನ್ನು ಬಳಸಿದಾಗಲೆಲ್ಲ ಅವನ ಅಂಗಡಿಯ ಮಾಲಿಕ ಅವನನ್ನು ಅನುಮಾನದಿಂದ ನೋಡುತ್ತಾನೆ. ನಮ್ಮವರ ಮೇಲೆ ಆರೋಪ ಬಂದಾಗ ‘ಅವನು ಮೆಂಟಲ್, ಬಿಟ್ಟುಬಿಡಿ’ ಎಂದು ನಾವೂ ಜಾರಿಕೊಂಡರೆ ಅದೇ ಅನ್ಯಾಯದಲ್ಲಿ ಪಾಲುದಾರರಾಗುತ್ತೇವೆ. ದ್ವೇಷ ಕಾಯಿಲೆಯಲ್ಲ. ಅದಕ್ಕೆ ಕಾಯಿಲೆಯ ಮುಸುಕು ಹಾಕಿ ಮರ್ಯಾದೆ ಕೊಡಬಾರದು.

ದುವಾ ಇರಲಿ, ದವಾ ಯಾಕೆ ಬೇಡ?

ಏರ್ವಾಡಿಯ ನಂತರ ದರ್ಗಾಗಳ ಮೇಲೆ, ದೇವಸ್ಥಾನಗಳ ಮೇಲೆ, ಪ್ರಾರ್ಥನಾ ಕೂಟಗಳ ಮೇಲೆ ದೋಷ ಹೊರಿಸುವುದು ಸುಲಭವಾಯಿತು. ಬಡವ ಅಲ್ಲಿಗೆ ಯಾಕೆ ಹೋಗುತ್ತಾನೆಂದು ಕೇಳಿದವರು ಕಡಿಮೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಮಾನಸಿಕ ತೊಂದರೆಗಳಿವೆ. ಅಂದರೆ ದೇಶದಲ್ಲಿ ಸುಮಾರು 15 ಕೋಟಿ ಜನರಿಗೆ ನೆರವು ಬೇಕು. ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ಅನುಗುಣವಾಗಿ ಶೇ. 70ರಿಂದ 92. ಲಕ್ಷ ಜನಸಂಖ್ಯೆಗೆ ಒಬ್ಬ ಮನೋವೈದ್ಯನೂ ಇಲ್ಲದ ದೇಶದಲ್ಲಿ, ರಾತ್ರಿ ಹನ್ನೆರಡು ಗಂಟೆಗೂ ಬಾಗಿಲು ತೆರೆದಿರುವ ಜಾಗ ಯಾವುದೋ ಜನ ಅಲ್ಲಿಗೇ ಹೋಗುತ್ತಾರೆ.

ಅಲ್ಲಿ ಏನೂ ಸಿಗುವುದಿಲ್ಲ ಎನ್ನುವುದೂ ಸರಿಯಲ್ಲ. ತಮಿಳುನಾಡಿನ ಗ್ರಾಮವೊಂದರ ದೇವಸ್ಥಾನದಲ್ಲಿ ತಂಗಿದ್ದ ತೀವ್ರ ಮನೋರೋಗದ 31 ಜನರನ್ನು ನಿಮ್ಹಾನ್ಸಿನ ವೈದ್ಯರು ಅಧ್ಯಯನ ಮಾಡಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಕೆಲವು ವಾರಗಳ ವಾಸದಲ್ಲಿ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದವು. ಅಲ್ಲಿ ಸಂಕೋಲೆಯಿರಲಿಲ್ಲ, ಹೊಡೆತವಿರಲಿಲ್ಲ, ಮನೆಯವರೊಬ್ಬರು ಜೊತೆಗಿರುತ್ತಿದ್ದರು, ಎಲ್ಲರೂ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದರು. ಮನುಷ್ಯರಂತೆ ನಡೆಸಿಕೊಳ್ಳುವುದೇ ಎಷ್ಟು ದೊಡ್ಡ ಮದ್ದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಮದ್ದು ಅಲ್ಲಿಗೇ ನಿಲ್ಲಬಾರದು. ಸ್ಕಿಜೋಫ್ರೇನಿಯಾಕ್ಕೆ, ಬೈಪೋಲಾರ್ ಕಾಯಿಲೆಗೆ ಔಷಧವಿಲ್ಲದೆ ವರ್ಷಗಳನ್ನು ಕಳೆದರೆ ಚೇತರಿಕೆ ಅಷ್ಟೇ ಕಷ್ಟವಾಗುತ್ತಾ ಹೋಗುತ್ತದೆ.

ಇಲ್ಲಿ ನಮ್ಮ ಸಮುದಾಯಕ್ಕೂ ಒಂದು ಮಾತು ಹೇಳಬೇಕಿದೆ. ಜಿನ್ನ್‌ಗಳ ಅಸ್ತಿತ್ವದ ಬಗ್ಗೆ ಇಲ್ಲಿ ಚರ್ಚಿಸುತ್ತಿಲ್ಲ. ಅದೃಶ್ಯದ ಮೇಲಿನ ವಿಶ್ವಾಸ ಬೇರೆ, ಕಣ್ಣೆದುರಿನ ರೋಗಿಯನ್ನು ಕಟ್ಟಿ ಹೊಡೆಯುವುದು ಬೇರೆ. ಒಂಬತ್ತು-ಹತ್ತನೇ ಶತಮಾನದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದು, ಕಾರಣ ತಿಳಿದಿರುವ ದುಃಖ ಮತ್ತು ಕಾರಣವಿಲ್ಲದೆ ಕವಿಯುವ ದುಃಖ ಎಂದು ಎರಡನ್ನು ಬೇರ್ಪಡಿಸಿದ್ದರು. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಈ ಪರಂಪರೆಯ ಬಗ್ಗೆ ಸಭೆಗಳಲ್ಲಿ ಎದೆಯುಬ್ಬಿಸಿ ಭಾಷಣ ಮಾಡುವ ನಾವು, ಮನೆಯ ಹುಡುಗಿ ಖಿನ್ನತೆಯಿಂದ ಊಟ ಬಿಟ್ಟಾಗ ಮಂತ್ರವಾದಿಯ ಮನೆಗೆ ಹೋಗಿ ಸಾವಿರಾರು ರೂಪಾಯಿ ಸುರಿಯುತ್ತೇವೆ. ಇದಕ್ಕಿಂತ ದೊಡ್ಡ ವಿಪರ್ಯಾಸವಿದೆಯೇ?

ದಾರಿ ಇಲ್ಲವೆಂದೇನಿಲ್ಲ. ಗುಜರಾತಿನ ಮೆಹ್ಸಾಣ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ ಎಂಬ ಯೋಜನೆ ನಡೆಯಿತು. ದರ್ಗಾದ ಆವರಣದಲ್ಲೇ ಮನೋವೈದ್ಯರು ಕುಳಿತರು. ಮುಜಾವರರು ಪ್ರಾರ್ಥನೆ ಮುಗಿಸಿ, ರೋಗಿಯನ್ನು ವೈದ್ಯರ ಬಳಿಗೆ ಕಳುಹಿಸಿದರು. ಅದೇ ಮಾದರಿಯನ್ನು ತಮಿಳುನಾಡು ಸರಕಾರ ಮುಂದೆ ಏರ್ವಾಡಿಯಲ್ಲೂ ತಂದಿತು. 28 ಜನ ಸುಟ್ಟುಹೋದ ಊರಿನಲ್ಲಿ ಸಾಧ್ಯವಾದದ್ದು ನಮ್ಮ ಊರಿನ ದರ್ಗಾ, ದೇವಸ್ಥಾನ, ಇಗರ್ಜಿಗಳಲ್ಲಿ ಯಾಕೆ ಸಾಧ್ಯವಿಲ್ಲ? ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದನ್ನು ಅಪರಾಧವೆಂದು ಸಾರುವ 2017ರ ಕಾಯ್ದೆ ಕರ್ನಾಟಕದಲ್ಲಿ 2020ರಿಂದ ಜಾರಿಯಲ್ಲಿದೆ. ಶಿಕ್ಷೆ ಕೊಡುವ ಕಾಯ್ದೆಯ ಜೊತೆಗೆ ವೈದ್ಯರನ್ನು ಅಲ್ಲಿಗೆ ಕಳುಹಿಸುವ ಸರಕಾರವೂ ಬೇಕು.

ಮದುವೆ ಎಂಬ ಮದ್ದು

‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಈ ಗಾದೆಯ ಎರಡನೇ ಅರ್ಧವನ್ನು ಔಷಧದ ಚೀಟಿಯೆಂದು ನಂಬಿದ ಕುಟುಂಬಗಳಿಗೆ ಕೊರತೆಯಿಲ್ಲ. ಮಗನಿಗೆ ಕಾಯಿಲೆಯಿದೆ ಎಂದು ಗೊತ್ತಿದ್ದೂ ಬಡವರ ಮನೆಯ ಹೆಣ್ಣನ್ನು ತಂದು ಕಟ್ಟುತ್ತಾರೆ. ಹುಡುಗಿಯ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿ, ಗಂಡನ ಮನೆಯಲ್ಲಿ ಮಾತ್ರೆ ನುಂಗಿದರೆ ಗುಟ್ಟು ಬಯಲಾಗುತ್ತದೆಂದು ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಔಷಧ ತಪ್ಪಿದೊಡನೆ ಕಾಯಿಲೆ ಮರುಕಳಿಸುತ್ತದೆ. ಆಮೇಲೆ ಎರಡು ಮನೆಗಳೂ ಸೇರಿ ಆ ಹುಡುಗಿಯನ್ನು ಬೀದಿಗೆ ತಳ್ಳುತ್ತವೆ. ಅವಳನ್ನು ಕೆಡಿಸಿದ್ದು ಕಾಯಿಲೆಗಿಂತ ಹೆಚ್ಚಾಗಿ ಆ ಸುಳ್ಳು.

ಚಿಕಿತ್ಸೆಯ ಚರಿತ್ರೆಯಲ್ಲೂ ಕ್ರೌರ್ಯವಿದೆ ಎಂಬುದನ್ನು ಮರೆಮಾಚಬೇಕಿಲ್ಲ. ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಗಾಗಿ ಪೋರ್ಚುಗಲ್‌ನ ಎಗಾಸ್ ಮೊನಿಜ್‌ಗೆ 1949ರಲ್ಲಿ ನೊಬೆಲ್ ಬಹುಮಾನ ಬಂತು. ಆ ಶಸ್ತ್ರಕ್ರಿಯೆಗೆ ಒಳಗಾದ ಅನೇಕರು ಜೀವಚ್ಛವಗಳಾದರು. ಆದರೆ ಅದೇ 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಉಪಯುಕ್ತವೆಂದು ತೋರಿಸಿದರು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೈನ್ ಬಳಕೆಗೆ ಬಂದು ಆಸ್ಪತ್ರೆಗಳ ಸಂಕೋಲೆಗಳನ್ನು ಸಡಿಲಿಸಿತು. ಇದಕ್ಕೂ ಮುಂಚೆ, 1931ರಲ್ಲೇ, ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ನಮ್ಮ ಸರ್ಪಗಂಧಿಯ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ತಗ್ಗಿಸುತ್ತದೆಂದು ಬರೆದಿದ್ದರು. ಸಿನಿಮಾಗಳು ಖಳನಾಯಕನ ಶಿಕ್ಷೆಯಂತೆ ತೋರಿಸುವ ‘ಶಾಕ್ ಟ್ರೀಟ್‌ಮೆಂಟ್’ ಕೂಡ ಇಂದು ಅರಿವಳಿಕೆ ಕೊಟ್ಟು, ತೀವ್ರ ಖಿನ್ನತೆಯಲ್ಲಿ ಪ್ರಾಣ ಉಳಿಸಲು ಮಾಡುವ ಚಿಕಿತ್ಸೆ. ಅರಿವಳಿಕೆಯಿಲ್ಲದೆ ಅದನ್ನು ಕೊಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

ಚಿಕಿತ್ಸೆ ಎಂದರೆ ಮಾತ್ರೆಯಷ್ಟೇ ಅಲ್ಲ ಎಂಬುದನ್ನು ನಮ್ಮ ದೇಶವೇ ಜಗತ್ತಿಗೆ ತೋರಿಸಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಮನೆಯವರನ್ನು ಜೊತೆಗಿರಿಸಿಕೊಂಡರು. ಕಾಯಿಲೆಯನ್ನು ಕಣ್ಣಾರೆ ಕಂಡು ಅರಿತ ಕುಟುಂಬ ರೋಗಿಯನ್ನು ಮರಳಿ ಮನೆಗೆ ಕರೆದೊಯ್ಯಿತು. ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ತರಬೇತಿ ಪಡೆದು ಮನೋರೋಗಿಗಳನ್ನು ನೋಡಿಕೊಂಡರು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇಷ್ಟಾದರೂ ಕೇಂದ್ರದ ಆರೋಗ್ಯ ಬಜೆಟಿನಲ್ಲಿ ಮಾನಸಿಕ ಆರೋಗ್ಯಕ್ಕೆ ನೇರವಾಗಿ ಸಿಗುವ ಪಾಲು ಶೇ. 1ರ ಆಸುಪಾಸಿನಲ್ಲೇ ಇದೆ. ದಾರಿ ತೋರಿಸಿದ ನಾಡೇ ದಾರಿಯಲ್ಲಿ ನಿಂತಿದೆ.

ಕಾನೂನಿನ ಕಟಕಟೆಯಲ್ಲಿ

1843ರಲ್ಲಿ ಲಂಡನ್ನಿನಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲ್‌ರ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ. ಸರಕಾರ ತನ್ನನ್ನು ಬೆನ್ನಟ್ಟುತ್ತಿದೆ ಎಂಬ ಭ್ರಮೆಯಲ್ಲಿದ್ದ ಅವನನ್ನು ನ್ಯಾಯಾಲಯ ಬಿಡುಗಡೆಗೊಳಿಸಿ ಆಸ್ಪತ್ರೆಗೆ ಕಳುಹಿಸಿತು. ದೇಶವಿಡೀ ಗುಲ್ಲೆದ್ದಾಗ ನ್ಯಾಯಾಧೀಶರು ಒಂದು ನಿಯಮ ರೂಪಿಸಿದರು. ತಾನು ಮಾಡುತ್ತಿರುವುದು ಏನೆಂದು, ಅಥವಾ ಅದು ತಪ್ಪೆಂದು ತಿಳಿಯಲಾರದಷ್ಟು ಬುದ್ಧಿ ಕೆಟ್ಟಿದ್ದರೆ ಮಾತ್ರ ಅವನು ಅಪರಾಧಿಯಲ್ಲ. 1860ರ ಭಾರತೀಯ ದಂಡಸಂಹಿತೆಯ 84ನೇ ಕಲಮಿನಲ್ಲಿ ಕುಳಿತ ಈ ನಿಯಮ ಇಂದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಾಗಿ ಮುಂದುವರಿದಿದೆ.

ಆಸ್ಪತ್ರೆಯ ಚೀಟಿ ತೋರಿಸಿದರೆ ಕೊಲೆಗಾರ ಪಾರಾಗುತ್ತಾನೆ ಎಂಬ ಭಯ ನಮ್ಮ ಜನರಲ್ಲಿದೆ. ಇದು ಬುಡವಿಲ್ಲದ ಭಯ. ವೈದ್ಯರು ಹೇಳುವ ಅಸ್ವಸ್ಥತೆ ಬೇರೆ, ಕಾನೂನು ಒಪ್ಪುವ ಅಸ್ವಸ್ಥತೆ ಬೇರೆ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಕಾಯಿಲೆ ಇದ್ದರೆ ಸಾಲದು; ಕೃತ್ಯ ನಡೆದ ಕ್ಷಣದಲ್ಲಿ ಅವನಿಗೆ ತಿಳಿವಳಿಕೆ ಇರಲಿಲ್ಲವೆಂದು ಸಾಬೀತುಮಾಡುವ ಹೊಣೆ ಆರೋಪಿಯದೇ. ನ್ಯಾಯಾಲಯದಲ್ಲಿ ಈ ವಾದ ಗೆಲ್ಲುವುದು ಸುಲಭವಲ್ಲ.

ಹಾಗಾದರೆ ನಿಜವಾದ ಅನ್ಯಾಯ ಎಲ್ಲಿದೆ? ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರ ಬದುಕಿನಲ್ಲಿದೆ. 1951ರಲ್ಲಿ ಹಲ್ಲೆಯ ಆರೋಪದ ಮೇಲೆ ಬಂಧಿತರಾದ ಈ ಬುಡಕಟ್ಟು ಯುವಕನನ್ನು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. 1967ರಲ್ಲಿ ಅವರು ಗುಣವಾಗಿದ್ದಾರೆಂದು ವೈದ್ಯರು ಹೇಳಿದರು. ಮನೆಗೆ ಕಳುಹಿಸುವ ಬದಲು ಅವರನ್ನು ಜೈಲಿಗೆ ಕಳುಹಿಸಲಾಯಿತು. ವಿಚಾರಣೆ ನಡೆಯಲಿಲ್ಲ, ಶಿಕ್ಷೆಯಾಗಲಿಲ್ಲ, ಯಾರೂ ಕೇಳಲಿಲ್ಲ. 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಅವರನ್ನು ಬಿಡುಗಡೆ ಮಾಡಿದಾಗ ಅವರು ಒಳಗೆ ಕಳೆದದ್ದು 54 ವರ್ಷ. ಊರಿಗೆ ಮರಳಿದ ಅವರು ಎರಡು ವರ್ಷಗಳಲ್ಲಿ ತೀರಿಕೊಂಡರು. ‘ಹುಚ್ಚ ಪಾರಾಗುತ್ತಾನೆ’ ಎನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಲಿ.

ಕುಟುಂಬ ನ್ಯಾಯಾಲಯಗಳಲ್ಲಿ ಇದರ ಇನ್ನೊಂದು ಮುಖವಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಕಾರಣವಾಗಬಹುದು. ಗಂಡ ಎರಡು ವರ್ಷ ಬುದ್ಧಿಭ್ರಮಣೆಯಲ್ಲಿದ್ದರೆ ಹೆಂಡತಿ ಬಿಡುಗಡೆ ಕೇಳಬಹುದೆಂದು 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಹೇಳುತ್ತದೆ. ನರಕಯಾತನೆ ಅನುಭವಿಸುವ ಸಂಗಾತಿಗೆ ಇಂಥ ಬಾಗಿಲು ಬೇಕು, ನಿಜ. ಆದರೆ ಬೇಡವಾದ ಹೆಂಡತಿಯನ್ನು ಹೊರಹಾಕಲು ಒಂದು ಚೀಟಿ ಸಂಪಾದಿಸಿದರೆ ಸಾಕೆಂದು ತಿಳಿದವರಿಗೆ 1988ರಲ್ಲೇ ಸುಪ್ರೀಂ ಕೋರ್ಟ್ ಉತ್ತರಿಸಿದೆ. ಸ್ಕಿಜೋಫ್ರೇನಿಯಾ ಎಂಬ ಹೆಸರು ಹಚ್ಚಿದರೆ ಸಾಲದು, ಒಟ್ಟಿಗೆ ಬಾಳಲಾಗದಷ್ಟು ತೀವ್ರವಾಗಿದೆಯೇ ಎಂಬುದನ್ನು ನೋಡಬೇಕು ಎಂದಿತು ಅದು. ಕಾಯಿಲೆಯ ಹೆಸರೇ ತೀರ್ಪಲ್ಲ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿ ಮೂರೂವರೆ ದಶಕಗಳೇ ಕಳೆದಿವೆ. ನಮ್ಮ ಮನೆಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ಆಸ್ಪತ್ರೆಯ ಹಾಸಿಗೆಯಲ್ಲೇ ಪೊಲೀಸರು ಪ್ರಶ್ನಿಸುತ್ತಿದ್ದ ಕಾಲವೂ ಇತ್ತು. 2017ರ ಕಾಯ್ದೆಯ 115ನೇ ಕಲಮು ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರಕಾರದ ಹೊಣೆ ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲ. ಸರಕಾರಿ ನೌಕರನನ್ನು ಮಣಿಸಲು ಆತ್ಮಹತ್ಯೆಗೆ ಯತ್ನಿಸಿದರೆ ಶಿಕ್ಷೆ ಎಂಬ ಒಂದು ಬಾಲವನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ಪರಿಹಾರಕ್ಕಾಗಿ ಅಲೆದಲೆದು ಸೋತು ಕಚೇರಿಯ ಮುಂದೆ ವಿಷದ ಬಾಟಲಿ ಹಿಡಿದು ನಿಂತ ರೈತನಿಗೆ ಈ ಬಾಲ ಸುತ್ತಿಕೊಳ್ಳುವುದಿಲ್ಲವೆಂದು ಯಾರು ಭರವಸೆ ಕೊಡುತ್ತಾರೆ?

ನಾವು ಕೇಳುವುದಿಷ್ಟು

2017ರ ಕಾಯ್ದೆ ಉದಾರವಾಗಿದೆ. ಚಿಕಿತ್ಸೆ ಪಡೆಯುವುದು ಹಕ್ಕು. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಸ್ವಸ್ಥನಿರುವಾಗಲೇ ಬರೆದಿಡಬಹುದು. ತನ್ನ ಪರವಾಗಿ ನಿರ್ಧರಿಸುವವರನ್ನು ತಾನೇ ಹೆಸರಿಸಬಹುದು. ಯಾರನ್ನೂ ಯಾವ ರೂಪದಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆ ಮನಸ್ಸಿನ ಕಾಯಿಲೆಗೂ ಕೊಡಬೇಕು. ಆದರೆ ಏರ್ವಾಡಿಯಲ್ಲಿಯೂ ಕಾನೂನು ಇತ್ತು ಎಂಬುದನ್ನು ನಾವು ಮರೆಯುವಂತಿಲ್ಲ.

ಆದ್ದರಿಂದ ಸರಕಾರದಿಂದ ನಾವು ಕೇಳುವುದು ಹೊಸ ಕಾಯ್ದೆಯನ್ನಲ್ಲ. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಮನೋರೋಗದ ಔಷಧಗಳು ತಿಂಗಳ ಎಲ್ಲ ದಿನವೂ ಸಿಗಲಿ. ಜಿಲ್ಲೆಯ ಪೊಲೀಸರಿಗೆ, ಜೈಲಿನವರಿಗೆ ಈ ಕಾಯ್ದೆಯ ತಿಳಿವಳಿಕೆ ಕೊಡಲಿ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆ ಪಡಿತರ ಅಂಗಡಿಯ ಗೋಡೆಯ ಮೇಲಿರಲಿ, ಬಸ್ಸಿನ ಹಿಂಭಾಗದಲ್ಲಿರಲಿ, ಮಸೀದಿಯ ಫಲಕದಲ್ಲಿರಲಿ.

ಪತ್ರಕರ್ತ ಮಿತ್ರರಲ್ಲಿ ಕೇಳುವುದಿಷ್ಟೇ: ವೈದ್ಯರು ಹೇಳುವವರೆಗೆ ಯಾರನ್ನೂ ಅಸ್ವಸ್ಥ ಎಂದು ಬರೆಯಬೇಡಿ. ಹಿರಿಯರೇ, ಮದುವೆಯ ಮಾತುಕತೆಯಲ್ಲಿ ಕಾಯಿಲೆಯನ್ನು ಮುಚ್ಚಿಡಬೇಡಿ. ಮಾತ್ರೆ ನುಂಗುತ್ತಾ ದುಡಿದು ತಿನ್ನುವವನು ಸುಳ್ಳು ಹೇಳಿ ಮದುವೆಯಾಗುವವನಿಗಿಂತ ನೂರು ಪಾಲು ಮೇಲು. ಖತೀಬರೇ, ಅರ್ಚಕರೇ, ಪಾದ್ರಿಗಳೇ, ನಿಮ್ಮ ಬಳಿ ಬರುವ ರೋಗಿಗಾಗಿ ಖಂಡಿತ ಪ್ರಾರ್ಥಿಸಿರಿ. ಪ್ರಾರ್ಥನೆ ಮುಗಿದ ಮೇಲೆ ಆಸ್ಪತ್ರೆಯ ದಾರಿಯನ್ನೂ ತೋರಿಸಿರಿ. ನಿಮ್ಮ ಒಂದು ಮಾತಿಗೆ ಆ ಕುಟುಂಬ ಕೊಡುವ ಬೆಲೆಯನ್ನು ನಮ್ಮ ನೂರು ಲೇಖನಗಳಿಗೂ ಕೊಡುವುದಿಲ್ಲ.

ಸಕ್ಕರೆ ಕಾಯಿಲೆಯವನನ್ನು ನಾವು ‘ಸಕ್ಕರೆಯವನು’ ಎಂದು ಕರೆದು ಕೋಣೆಯಲ್ಲಿ ಕೂಡಿಹಾಕುವುದಿಲ್ಲ. ಅವನಿಗೆ ಚಹಾ ಕೊಡುವಾಗ ‘ಸಕ್ಕರೆ ಹಾಕಲೇ ಬೇಡವೇ?’ ಎಂದು ಕೇಳುತ್ತೇವೆ. ಆ ಕೇಳುವಿಕೆಯಲ್ಲಿ ಕಾಯಿಲೆಯ ತಿಳಿವಳಿಕೆಯೂ ಇದೆ, ಮನುಷ್ಯನ ಮೇಲಿನ ಗೌರವವೂ ಇದೆ. ಮನಸ್ಸಿನ ಕಾಯಿಲೆಯವರು ನಮ್ಮಿಂದ ಬಯಸುವುದು ಇದಕ್ಕಿಂತ ಹೆಚ್ಚೇನೂ ಅಲ್ಲ.